ಕನ್ವರ್ಟ್ ಮಾಡುವ ಮೊದಲು ಡಬ್ಬಿ ತೆರೆದು ನೋಡಿ

ಕಳೆದ ತಿಂಗಳು ತಾಯಿಯೊಬ್ಬರು ಮಗಳ ರಂಗಪ್ರವೇಶದ ವಿಡಿಯೊ ಹಿಡಿದುಕೊಂಡು ನಮ್ಮ ಸ್ಟುಡಿಯೊಗೆ ಬಂದರು. ನೇರಪ್ರಸಾರ ಮಾಡಿದವರು ಕೊಟ್ಟಿದ್ದ ಎಂಕೆವಿ ಫೈಲ್ ಅಜ್ಜಿಯ ಐಪ್ಯಾಡ್‌ನಲ್ಲಿ ತೆರೆದುಕೊಳ್ಳಲಿಲ್ಲ. ಮನೆಯವರು ಅಂತರ್ಜಾಲದಲ್ಲಿ ಮೊದಲು ಸಿಕ್ಕ ಉಚಿತ ಕನ್ವರ್ಟರ್‌ಗೆ ಅದನ್ನು ಒಪ್ಪಿಸಿದ್ದಾರೆ. ರಾತ್ರಿಯಿಡೀ ಕಂಪ್ಯೂಟರ್ ಓಡಿ ಬೆಳಿಗ್ಗೆ ಎಂಪಿ4 ಬಂದಿದೆ, ನಟ್ಟನಡುವೆ ವಾಟರ್‌ಮಾರ್ಕ್ ಹೊತ್ತುಕೊಂಡು. ಅದಕ್ಕಿಂತ ನನಗೆ ನೋವಾದದ್ದು ಬೇರೆ: ಜತಿಯ ವೇಗ ಏರಿದಲ್ಲೆಲ್ಲ ಬೆರಳುಗಳು ಕಲಸಿಹೋಗಿದ್ದವು. ಹಸ್ತಮುದ್ರೆಯೇ ಕಾಣದಿದ್ದರೆ ಅಜ್ಜಿ ನೋಡುವುದು ಏನನ್ನು?

ಪುಣ್ಯಕ್ಕೆ ಮೂಲ ಫೈಲನ್ನು ಅಳಿಸಿರಲಿಲ್ಲ. ಮೀಡಿಯಾಇನ್ಫೊ ಎಂಬ ಪುಟ್ಟ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದೆ. ಚಿತ್ರವನ್ನು ಅಡಕಗೊಳಿಸಿದ ವಿಧಾನ ಎಚ್.264, ಧ್ವನಿಯದು ಎಎಸಿ. ಐಪ್ಯಾಡ್ ಎರಡನ್ನೂ ಚೆನ್ನಾಗಿ ಬಲ್ಲದು. ಅದಕ್ಕೆ ಗೊತ್ತಿಲ್ಲದ್ದು ಎಂಕೆವಿ ಎಂಬ ಡಬ್ಬಿ ಮಾತ್ರ.

ಎಂಕೆವಿ, ಎಂಪಿ4, ಎವಿಐ, ಎಂಒವಿ ಇವೆಲ್ಲ ಚಿತ್ರ, ಧ್ವನಿಗಳನ್ನು ಒಟ್ಟಿಗೆ ತುಂಬಿಡುವ ಡಬ್ಬಿಗಳ ಹೆಸರು. ಒಳಗಿರುವ ಚಿತ್ರವನ್ನು ಯಾವ ವಿಧಾನದಲ್ಲಿ ಅಡಕಗೊಳಿಸಲಾಗಿದೆ ಎಂಬುದನ್ನು ಹೇಳುವುದು ಕೋಡೆಕ್. ಡಬ್ಬಿ ಬದಲಿಸಲು ಚಿತ್ರವನ್ನು ಮುಟ್ಟಬೇಕಾಗಿಲ್ಲ. ಕೋಡೆಕ್ ಬದಲಿಸಬೇಕಾದರೆ ಪ್ರತಿಯೊಂದು ಫ್ರೇಮನ್ನೂ ಬಿಚ್ಚಿ ಮತ್ತೆ ಅದುಮಬೇಕು, ಹಾಗೆ ಅದುಮಿದಾಗಲೆಲ್ಲ ಒಂದಿಷ್ಟು ವಿವರ ಹೋಗುತ್ತದೆ. ತಂತ್ರಾಂಶ ಆಯ್ಕೆ ಮಾಡುವಾಗ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಮರುಅಡಕ ಮಾಡದೆ ಡಬ್ಬಿಯನ್ನಷ್ಟೇ ಬದಲಿಸಲು ಇದಕ್ಕೆ ಬರುತ್ತದೆಯೇ? ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶಕ್ಕೆ ಬರುತ್ತದೆ. ಆ ತಾಯಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಎಂಪಿ4 ಸಿದ್ಧವಾಗಿತ್ತು, ಚಿತ್ರ ಇದ್ದದ್ದು ಇದ್ದ ಹಾಗೆಯೇ.

ಟಿವಿಗೆಂದು ಪೆನ್‌ಡ್ರೈವ್‌ಗೆ ಹಾಕಲು ಹೋದಾಗ ಇನ್ನೊಂದು ತೊಡಕು. ಎರಡೂವರೆ ಗಂಟೆಯ ಕಾರ್ಯಕ್ರಮ, ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಸುಮಾರು 6.7 ಜಿಬಿ. ಹಳೆಯ ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್32 ಎಂಬ ಫೈಲ್ ಜೋಡಣೆಯ ವ್ಯವಸ್ಥೆ 4 ಜಿಬಿಗಿಂತ ದೊಡ್ಡ ಫೈಲನ್ನು ಒಳಗೆ ಬಿಡುವುದಿಲ್ಲ. ಇದನ್ನು ವಿಡಿಯೊದ ದೋಷವೆಂದು ತಿಳಿದು ಗುಣಮಟ್ಟ ಇಳಿಸಿಕೊಂಡವರನ್ನು ನೋಡಿದ್ದೇನೆ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದರೆ ಆಯಿತು. ಅದನ್ನು ಓದಲಾರದ ಹಳೆಯ ಟಿವಿಯಾದರೆ ಎರಡು ತುಂಡು ಮಾಡಿ. ನಾವು ವರ್ಣ ಮುಗಿದ ಜಾಗದಲ್ಲಿ ಕತ್ತರಿಸಿದೆವು.

ಮರುಅಡಕ ತಪ್ಪಿಸಲಾಗದ ಸಂದರ್ಭಗಳೂ ಇವೆ. 2017ರಲ್ಲಿ ಬಂದ ಐಒಎಸ್ 11ರ ನಂತರ ಹೊಸ ಐಫೋನ್‌ಗಳು, ಸೆಟ್ಟಿಂಗ್ ಬದಲಿಸದಿದ್ದರೆ, ಎಚ್‌ಇವಿಸಿ ಕೋಡೆಕ್‌ನಲ್ಲೇ ಚಿತ್ರೀಕರಿಸುತ್ತವೆ. ಹಳೆಯ ಟಿವಿಗಳಿಗೆ ಅದು ಅರ್ಥವಾಗದು. ಮದುವೆಯ ಹಳೆಯ ಡಿವಿಡಿಗಳಲ್ಲಿರುವುದು ಎಂಪೆಗ್-2 ಕೋಡೆಕ್, ಅದೂ 720x576ರ ಚಿತ್ರ, ಸಾಮಾನ್ಯವಾಗಿ ಒಂದು ಬಿಟ್ಟು ಒಂದು ಸಾಲಿನಂತೆ ಹೆಣೆದದ್ದು. ಆ ಹೆಣಿಗೆಯನ್ನು ಬಿಡಿಸದೆ, ಅಂದರೆ ಡಿಇಂಟರ್ಲೇಸ್ ಮಾಡದೆ, ಪರಿವರ್ತಿಸಿದರೆ ವಧು ಕೈ ಎತ್ತಿದಾಗಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಶಾಶ್ವತವಾಗಿ ಉಳಿದುಬಿಡುತ್ತವೆ. ಆ ಸೌಲಭ್ಯವಿಲ್ಲದ ತಂತ್ರಾಂಶವನ್ನು ಡಿವಿಡಿಗೆ ಬಳಸಲೇಬೇಡಿ. ಅದನ್ನು 4ಕೆ ಮಾಡಿಸಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಹಿಗ್ಗಿಸಿದ ಮಾತ್ರಕ್ಕೆ ಇಲ್ಲದ ವಿವರ ಬರುವುದಿಲ್ಲ, ಫೈಲ್ ಮಾತ್ರ ಊದಿಕೊಳ್ಳುತ್ತದೆ.

ಈ ಕೆಲಸಕ್ಕೆಲ್ಲ ನಾನು ನೆಚ್ಚಿಕೊಂಡಿರುವುದು ಹ್ಯಾಂಡ್‌ಬ್ರೇಕ್. ಉಚಿತ, ಮುಕ್ತ ತಂತ್ರಾಂಶ. ವಾಟರ್‌ಮಾರ್ಕ್ ಇಲ್ಲ, ಡಿಇಂಟರ್ಲೇಸ್ ಇದೆ. ಕನ್ನಡ ಸಬ್‌ಟೈಟಲನ್ನು ಚಿತ್ರದ ಮೇಲೆಯೇ ಅಚ್ಚೊತ್ತಲೂ ಬರುತ್ತದೆ. ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ಚೆಲ್ಲುವ ಟಿವಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಆದರೆ ಡೌನ್‌ಲೋಡ್ ಮಾಡುವಾಗ ಅಧಿಕೃತ ತಾಣವನ್ನೇ ಹುಡುಕಿ. 2017ರ ಮೇ ತಿಂಗಳಲ್ಲಿ ಇದರದೇ ಒಂದು ಡೌನ್‌ಲೋಡ್ ಸರ್ವರ್‌ಗೆ ನುಗ್ಗಿದ ಕಳ್ಳರು ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪಾಸ್‌ವರ್ಡ್ ಕದಿಯುವ ಫೈಲ್ ಇಟ್ಟಿದ್ದರು. ಆದ್ದರಿಂದ ಫೈಲ್ ಬದಲಾಗಿಲ್ಲವೆಂದು ತಿಳಿಯಲು ತಾಣದಲ್ಲಿ ಪ್ರಕಟಿಸುವ ಚೆಕ್‌ಸಮ್ ಸಂಖ್ಯೆಯನ್ನೂ ತಾಳೆ ನೋಡುತ್ತೇನೆ.

ಹ್ಯಾಂಡ್‌ಬ್ರೇಕ್‌ನಲ್ಲಿ ಆರ್‌ಎಫ್ ಎಂಬ ಗುಣಮಟ್ಟದ ಅಂಕಿಯೊಂದಿದೆ. ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. 1080ಪಿ ಚಿತ್ರಕ್ಕೆ 20ರಿಂದ 24 ಸಾಕೆಂದು ಅದನ್ನು ರೂಪಿಸಿದವರೇ ಸೂಚಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಬಳಸಿ ಅಡಕಗೊಳಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅದೇ ಗುಣಮಟ್ಟಕ್ಕೆ ಫೈಲ್ ಸಾಮಾನ್ಯವಾಗಿ ಹಿಗ್ಗುತ್ತದೆ. ಅವಸರವಿಲ್ಲದಿದ್ದರೆ ನಾನು ನಿಧಾನದ ದಾರಿಯನ್ನೇ ಹಿಡಿಯುತ್ತೇನೆ.

ಹೊರಡುವ ಮುನ್ನ ಆ ತಾಯಿ, ನೃತ್ಯದ ಗುರುಗಳ ಫೋನಿಗೆ ಹಾಕಲು ಚಿಕ್ಕ ಪ್ರತಿಯೊಂದು ಬೇಕೆಂದರು. ಇಡೀ ಕಾರ್ಯಕ್ರಮಕ್ಕೆ ಕೈ ಹಾಕುವ ಮೊದಲು ತಿಲ್ಲಾನದ ಕೊನೆಯ ಎರಡು ನಿಮಿಷ ಮಾತ್ರ ತೆಗೆದುಕೊಂಡು 24ರಲ್ಲೊಮ್ಮೆ, 21ರಲ್ಲೊಮ್ಮೆ ಪರಿವರ್ತಿಸಿ ಅವರ ಫೋನಿನಲ್ಲೇ ತೋರಿಸಿದೆ. 24ರಲ್ಲಿ ಬೆರಳ ತುದಿ ಮಸುಕಾಗಿತ್ತು. 21ರಲ್ಲಿ ಕಿರುಬೆರಳಿನ ಕೆಂಪು ಕೂಡ ಎದ್ದು ಕಾಣುತ್ತಿತ್ತು. ಅದನ್ನೇ ಮಾಡಿಕೊಡಿ ಎಂದರು.