ಎಲ್ಲರ ರೆಕಾರ್ಡಿನಲ್ಲೂ 9.8 ಬರುವುದು ಹೇಗೆ?

ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಸರಳ ಲೋಲಕದ ಪ್ರಾಕ್ಟಿಕಲ್ ಮುಗಿದ ಮೇಲೆ ಡಿಗ್ರಿ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳನ್ನು ಸಾಲಾಗಿ ತೆರೆದು ನೋಡಿ. 'ಜಿ' ಅಂದರೆ ಗುರುತ್ವದಿಂದ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬ ಸಂಖ್ಯೆ. ಅದರ ಬೆಲೆ ಎಲ್ಲರದ್ದೂ 9.8. ಕೆಲವರದ್ದು ಇನ್ನೂ ಮುಂದೆ ಹೋಗಿ 9.81. ಬೆಂಗಳೂರಿನಲ್ಲಿ ಅದರ ನಿಜವಾದ ಬೆಲೆ ಸುಮಾರು 9.78. ನಮ್ಮ ಹುಡುಗರು ಯುರೋಪಿನ ಗುರುತ್ವವನ್ನು ಇಲ್ಲೇ ಕೂತು ಅಳೆದಿರುತ್ತಾರೆ!

ಉತ್ತರ ಮೊದಲೇ ಗೊತ್ತಲ್ವಾ? ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಾರೆ. ಇದಕ್ಕೆ ಅವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ನಾವು ಮಾರ್ಕ್ಸ್ ಕೊಡುವುದು ಆ ಸಂಖ್ಯೆಗೆ, ಅವರು ಕೊಡುವುದೂ ಅದನ್ನೇ.

ಅದಕ್ಕೇ ನಾನು ಅದೇ ಲೋಲಕಕ್ಕೆ ಬೇರೆ ಪ್ರಶ್ನೆ ಕೇಳುತ್ತೇನೆ. 10 ಡಿಗ್ರಿ ಎಳೆದು ಬಿಟ್ಟರೂ 20 ಡಿಗ್ರಿ ಎಳೆದು ಬಿಟ್ಟರೂ ಒಂದು ಸಲ ಹೋಗಿ ಬರಲು ಹಿಡಿಯುವ ಕಾಲ ಒಂದೇನಾ? ಪುಸ್ತಕದ ಸೂತ್ರದಲ್ಲಿ ಕೋನವೇ ಇಲ್ಲ, ಹಾಗಾಗಿ ಎಲ್ಲರೂ 'ಒಂದೇ' ಅನ್ನುತ್ತಾರೆ. ಒಂದು ಮೀಟರ್ ಉದ್ದದ ಲೋಲಕಕ್ಕೆ ಸುಮಾರು 2 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವ ಬೆರಳೇ 0.2 ಸೆಕೆಂಡಿನಷ್ಟು ಆಚೀಚೆ ಮಾಡುತ್ತದೆ. ಒಂದೊಂದೇ ಸಲ ಅಳೆದರೆ ವ್ಯತ್ಯಾಸ ಕಾಣುವುದೇ ಇಲ್ಲ. ಪುಸ್ತಕ ಗೆದ್ದಿತು ಎಂದು ಎಲ್ಲರೂ ಖುಷಿ.

'ಇನ್ನೂ ಚೆನ್ನಾಗಿ ಅಳೆಯಿರಿ' ಎಂದಾಗಲೇ ಕೆಲಸ ಶುರುವಾಗುವುದು. ಯಾರೋ ಒಬ್ಬರಿಗೆ 50 ಸಲ ಎಣಿಸುವ ಉಪಾಯ ಹೊಳೆಯುತ್ತದೆ. ಬೆರಳಿನ ತಪ್ಪು ಅಷ್ಟೇ ಇರುತ್ತದೆ, ಆದರೆ 50 ಸುತ್ತಿಗೆ ಹಂಚಿಹೋಗುತ್ತದೆ. ಆಗ 20 ಡಿಗ್ರಿಯದ್ದು ಹಿಂದೆ ಬೀಳುತ್ತದೆ. ಲೆಕ್ಕದ ಪ್ರಕಾರ 50 ಸುತ್ತಿಗೆ ಒಟ್ಟು ಅರ್ಧ ಸೆಕೆಂಡಿಗಿಂತ ತುಸು ಜಾಸ್ತಿ. ತೂಗಾಟ ಇಳಿಯುತ್ತಾ ಬರುವುದರಿಂದ ಕೈಗೆ ಸಿಗುವುದು ಸ್ವಲ್ಪ ಕಮ್ಮಿ. ತೂಗಾಟ ಬೇಗ ಇಳಿಯದಿರಲು ಭಾರದ ಗುಂಡೇ ಬೇಕು.

'ನಮ್ದೇ ತಪ್ಪಿರಬೇಕು ಸರ್' ಅನ್ನುವುದು ಮೊದಲ ಮಾತು. ದಾರ ಎಳೆದುಕೊಂಡಿತಾ, ಎಣಿಕೆ ತಪ್ಪಿತಾ ಎಂದು ಹುಡುಕುತ್ತಾರೆ. ಮತ್ತೆ ಮತ್ತೆ ಅಳೆದರೂ ವ್ಯತ್ಯಾಸ ಹೋಗದಿದ್ದಾಗ ಸೂತ್ರದ ಮೇಲೆಯೇ ಅನುಮಾನ ಬರುತ್ತದೆ. ಸೂತ್ರ ಚಿಕ್ಕ ಕೋನಕ್ಕೆ ಮಾತ್ರ ಎಂದು ಪುಸ್ತಕದಲ್ಲೇ ಇದೆ. ಆ ಸಾಲನ್ನು ಅವರು ನಿಜವಾಗಿ ಓದುವುದು ಆವತ್ತೇ.

ಈ ಪ್ರಶ್ನೆ ನನ್ನದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮೊದಲ ವರ್ಷದ ಲ್ಯಾಬಿನಲ್ಲಿ ಹೋಮ್ಸ್, ವೀಮನ್, ಬಾನ್ ಇದನ್ನು ಮಾಡಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವೀಮನ್ 2001ರ ಭೌತಶಾಸ್ತ್ರ ನೊಬೆಲ್ ಪಡೆದವರು. ಹೋಲಿಸು, ಸುಧಾರಿಸು, ಮತ್ತೆ ಹೋಲಿಸು ಎಂದು ಮೊದಮೊದಲು ಹೇಳಿಕೊಟ್ಟು, ಆಮೇಲೆ ಹೇಳುವುದನ್ನೇ ನಿಲ್ಲಿಸುತ್ತಾ ಬಂದರು. ತಾವಾಗಿಯೇ ವಿಧಾನ ಬದಲಿಸುವ ಅಥವಾ ಬದಲಾವಣೆ ಸೂಚಿಸುವ ಸಾಧ್ಯತೆ ಈ ವಿದ್ಯಾರ್ಥಿಗಳಲ್ಲಿ ಮಾಮೂಲಿ ಲ್ಯಾಬಿನವರಿಗಿಂತ 12 ಪಟ್ಟು ಹೆಚ್ಚಿತ್ತು. ಮುಂದಿನ ವರ್ಷದ ಕೋರ್ಸಿನಲ್ಲೂ ವ್ಯತ್ಯಾಸ ಉಳಿದಿತ್ತು.

ಟೈಮ್ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವೇ. ಸಿಲಬಸ್ಸಿನ ಎಲ್ಲ ಪ್ರಯೋಗಗಳನ್ನೂ ಹೀಗೆ ಮಾಡಿಸಲಾಗದು. ಸೆಮಿಸ್ಟರಿಗೆ ಒಂದೆರಡಾದರೂ ಮಾಡಿಸಬಹುದು. ರೆಕಾರ್ಡಿನಲ್ಲಿ ಎರಡು ನಿಯಮ ಸಾಕು. ಬೇಡವಾದ ರೀಡಿಂಗ್ ಅಳಿಸಬಾರದು, ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬೇಕು. 9.5 ಬಂದವರಿಗೂ ಪೂರ್ತಿ ಮಾರ್ಕ್ಸ್, ತಮ್ಮ ಅಳತೆ ಎಷ್ಟು ಆಚೀಚೆ ಆಗಬಹುದು, ಯಾಕೆ ಎಂದು ತೋರಿಸಿದರೆ.