ಮೆಟ್ಟಿಲ ಬುಡದಲ್ಲೇ ನಿಂತ ಅರ್ಜಿ

ಗದಗ ಜಿಲ್ಲೆಯ ಕಚೇರಿಯೊಂದರಲ್ಲಿ ಟಪಾಲು ಶಾಖೆ ಮೊದಲ ಮಹಡಿಯಲ್ಲಿದೆ. ತಮ್ಮ ಕೆಲಸದ ಜಾಗವನ್ನು ನೆಲಮಹಡಿಗೆ ಬದಲಿಸಿಕೊಡಿ ಎಂಬ ಅರ್ಜಿ ಕೊಡಲು ಅಲ್ಲಿನ ನೌಕರರೊಬ್ಬರು ಊರುಗೋಲು ಊರಿಕೊಂಡು ಅದೇ ಮೆಟ್ಟಿಲುಗಳನ್ನು ಹತ್ತಬೇಕಾಯಿತು. ನಾನೇ ಮೇಲೆ ಒಯ್ದು ಕೊಡುತ್ತೇನೆಂದರೆ, ಸಹಿ ಮಾಡಿದವರೇ ಬರಲಿ ಎಂದರು ಶಾಖೆಯವರು. ಕಟ್ಟಡದ ಪಕ್ಕದಲ್ಲಿ ಇಳಿಜಾರು ಇತ್ತು, ಅದರ ಮೇಲೆ ಬೈಕುಗಳು ನಿಂತಿದ್ದವು.

ಇಂಥ ಅರ್ಜಿಗೆ ಕಾನೂನಿನ ಬಲ ಬಂದದ್ದು ತೀರ ತಡವಾಗಿ. ಸಂವಿಧಾನದ 15 ಮತ್ತು 16ನೇ ವಿಧಿಗಳು ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ತಾರತಮ್ಯ ಕೂಡದೆಂದವು, ಆದರೆ ಆ ಪಟ್ಟಿಯಲ್ಲಿ ಅಂಗವೈಕಲ್ಯದ ಹೆಸರಿರಲಿಲ್ಲ. ಪ್ರತ್ಯೇಕ ಕಾಯ್ದೆ ಬರುವಷ್ಟರಲ್ಲಿ 1995 ಆಗಿತ್ತು. ಅದರ ಶೇ 3ರ ಮೀಸಲಾತಿ ಹೆಚ್ಚು ಸುದ್ದಿಯಾಯಿತಾದರೂ, ನನ್ನ ಅನುಭವದಲ್ಲಿ ಸಂಸಾರಗಳನ್ನು ಉಳಿಸುವ ಶಕ್ತಿ ಇದ್ದದ್ದು ಕಲಂ 47ಕ್ಕೆ. ಅಪಘಾತದಲ್ಲಿ ಕಾಲು ಕಳೆದುಕೊಂಡ ಬಸ್ ಚಾಲಕನನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು, ಅದೂ ಸಿಗದಿದ್ದರೆ ನಿವೃತ್ತಿಯವರೆಗೆ ಅವನಿಗಾಗಿಯೇ ಹೆಚ್ಚುವರಿ ಹುದ್ದೆ ಇಡಬೇಕು. ಅಶಕ್ತತೆಯ ಪಿಂಚಣಿ ಕೊಟ್ಟು ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಸ್ಪಷ್ಟಪಡಿಸಿತು. ಆದರೂ ಹುಬ್ಬಳ್ಳಿಯಲ್ಲಿ ಈಗಲೂ ಹಲವರು ಹೀಗೆ ಸಿಗುವ ಬೇರೆ ಕೆಲಸವನ್ನು ಯಾರೋ ಕರುಣೆಯಿಂದ ಕೊಟ್ಟ 'ಲೈಟ್ ಡ್ಯೂಟಿ' ಎಂದೇ ತಿಳಿದಿದ್ದಾರೆ.

ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು, ಅದರ ಫಲವಾಗಿ 2016ರ ಕಾಯ್ದೆ ಬಂತು. ಅಂಗವೈಕಲ್ಯದ ಬಗೆಗಳು 7ರಿಂದ 21ಕ್ಕೆ, ಮೀಸಲಾತಿ ಶೇ 4ಕ್ಕೆ ಏರಿದವು. ಇದಕ್ಕಿಂತ ದೊಡ್ಡ ಬದಲಾವಣೆ ತಾರತಮ್ಯದ ವ್ಯಾಖ್ಯೆಯಲ್ಲಾಯಿತು: ಸಂಸ್ಥೆಗೆ ಮಿತಿಮೀರಿದ ಹೊರೆಯಾಗದ ಹೊಂದಾಣಿಕೆಯನ್ನು ನಿರಾಕರಿಸುವುದೂ ಈಗ ತಾರತಮ್ಯವೇ. ನೆಲಮಹಡಿಯಲ್ಲೊಂದು ಮೇಜು ಹಾಕಿಕೊಡುವುದು ಯಾವ ಕಚೇರಿಗೂ ಹೊರೆಯಾಗದು. ಜನರೆದುರು ಬೇಕೆಂದೇ ಅವಮಾನಿಸಿದರೆ ಕಲಂ 92ರಡಿ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸವಿದೆ. ಖಾಸಗಿ ವಲಯದ ಮಟ್ಟಿಗೆ ಮಾತ್ರ ಕಾಯ್ದೆ ಕೈ ಬಿಗಿಹಿಡಿದಿದೆ. ಉದ್ಯೋಗದ ತಾರತಮ್ಯ ನಿಷೇಧಿಸುವ ಕಲಂ 20 ಸರ್ಕಾರಿ ಸಂಸ್ಥೆಗಳಿಗಷ್ಟೇ ಅನ್ವಯಿಸುವುದರಿಂದ, ಹುಬ್ಬಳ್ಳಿ ಬಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯ ಕಾರ್ಮಿಕನಿಗೆ ಸಿಗುವ ಆಸರೆ ಕಡಿಮೆ.

ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷಗಳ ಗಡುವು, 2017ರ ಜೂನ್‌ನಲ್ಲಿ ನಿಯಮ ಪ್ರಕಟವಾದ ಲೆಕ್ಕದಲ್ಲಿ, 2022ರಲ್ಲೇ ಮುಗಿದಿದೆ. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮಗಳು ಬರಿಯ ಸಲಹೆಯ ಮಟ್ಟಕ್ಕೆ ಇಳಿಸಿವೆ ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿ, 15(1)ನೇ ನಿಯಮವನ್ನು ಅಸಿಂಧುಗೊಳಿಸಿ, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಕಟ್ಟಿಸಿಕೊಂಡ ಹುಬ್ಬಳ್ಳಿಯ ನಮಗೆ ನಾಲ್ಕು ಮಾರು ಇಳಿಜಾರು ಅಸಾಧ್ಯ ಎಂದರೆ ನಂಬುವುದು ಕಷ್ಟ.

ಸರ್ಕಾರಿ ನೌಕರರಿಗೆ ದೂರಿನ ದಾರಿ ಹೀಗಿದೆ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕಲಂ 23ರ ಪ್ರಕಾರ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ಅವರು ದೂರಿನ ವಹಿ ಇಡಬೇಕು, ದಾಖಲಾದ ಎರಡು ವಾರದೊಳಗೆ ವಿಚಾರಿಸಬೇಕು. ಉತ್ತರ ಸಮಾಧಾನ ತಾರದಿದ್ದರೆ ಜಿಲ್ಲಾ ಸಮಿತಿಗೆ, ಅಲ್ಲಿಂದಾಚೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆಯಬಹುದು. ಹೈಕೋರ್ಟಿಗೆ ಹೋಗಲೇಬೇಕಾದರೆ ಗದಗ, ಹಾವೇರಿಯವರಿಗೆ ಧಾರವಾಡ ಪೀಠವೇ ಸಾಕು. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದದ್ದು ಅದು. ಆ ನೌಕರರ ಕೈಯಲ್ಲಿ ಈಗ ಮುದ್ರೆ ಬಿದ್ದ ಸ್ವೀಕೃತಿ ಇದೆ, ಎರಡು ವಾರಗಳ ಎಣಿಕೆ ಅದರ ತಾರೀಖಿನಿಂದಲೇ ಶುರುವಾಗಬೇಕೆಂದು ಕೆಳಗೆ ಅಂಚಿನಲ್ಲಿ ಅವರೇ ಬರೆದುಕೊಂಡಿದ್ದಾರೆ.