ಮೊಲದ ಮೈಮೇಲೆ ಬೋಳು ಜಾಗ: ಮೊದಲು ಎಲ್ಲಿ ಅಂತ ನೋಡಿ, ಸಿರಿಂಜ್ ಆಮೇಲೆ

ಪಶುಸಂಗೋಪನೆ ಓದುತ್ತಿರುವ ಜೊತೆಗಾರರಿಗೂ ಮನೆಯಲ್ಲಿ ಮೊಲ ಸಾಕಿಕೊಂಡು ಕಲಿಯುತ್ತಿರುವವರಿಗೂ ಈ ಟಿಪ್ಪಣಿ. ದನ, ಕುರಿ, ನಾಯಿಯ ಚರ್ಮರೋಗ ಓದಿ ಬಂದವರಿಗೆ ಇಲ್ಲಿರುವ ಹೆಸರುಗಳು ಹೊಸದಲ್ಲ. ಲೆಕ್ಕ ಮಾತ್ರ ಬೇರೆ.

ಜಾಗ ನೋಡಿದರೆ ಅರ್ಧ ಉತ್ತರ

ಕುತ್ತಿಗೆಯ ಹಿಂಭಾಗ, ಬೆನ್ನು, ಬಾಲದ ಮೇಲ್ಭಾಗದಲ್ಲಿ ದಪ್ಪ ಬಿಳಿ ಹೊಟ್ಟು ಕೂತು ಕೂದಲು ತೆಳುವಾಗಿದ್ದರೆ ಮೊದಲ ಅನುಮಾನ ಚೆಯ್ಲೆಟಿಯೆಲ್ಲಾ ಎಂಬ ನುಸಿಯ ಮೇಲೆ. ಕಪ್ಪು ಕಾಗದದ ಮೇಲೆ ಬಾಚಿ ಉದುರಿಸಿ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿ, ಕೆಲವು ಹೊಟ್ಟಿನ ಚೂರುಗಳು ತಾವಾಗಿಯೇ ಹರಿದಾಡುತ್ತವೆ. ಪಾರದರ್ಶಕ ಸೆಲ್ಲೋಟೇಪನ್ನು ಹೊಟ್ಟಿನ ಮೇಲೆ ಒತ್ತಿ, ಸ್ಲೈಡಿಗೆ ಅಂಟಿಸಿ, ಸೂಕ್ಷ್ಮದರ್ಶಕದ ಕಡಿಮೆ ಪವರ್‌ನಲ್ಲಿ ನೋಡಿದರೆ ಬಾಯಿಯ ಪಕ್ಕದ ಕೊಕ್ಕೆಗಳೇ ಗುರುತು.

ಮೂಗು, ತುಟಿ, ಕಿವಿಯ ಅಂಚು, ಕಾಲ್ಬೆರಳುಗಳ ಸುತ್ತ ಗಟ್ಟಿ ಹಕ್ಕಳೆ, ಜೊತೆಗೆ ವಿಪರೀತ ತುರಿಕೆ ಇದ್ದರೆ ಸಾರ್ಕಾಪ್ಟಿಸ್, ಅಂದರೆ ಕಜ್ಜಿ. ಕಿವಿಯ ಒಳಗೆ ಕಂದು ಹಕ್ಕಳೆ ಪದರಪದರವಾಗಿ ಕಟ್ಟಿದ್ದರೆ ಸೊರಾಪ್ಟಿಸ್ ಎಂಬ ಕಿವಿಯ ನುಸಿ. ಈ ಹಕ್ಕಳೆಯನ್ನು ಕೀಳಲು ಹೋಗಬೇಡಿ, ಅಡಿಯಲ್ಲಿ ಹಸಿ ಗಾಯವಿರುತ್ತದೆ, ಮೊಲಕ್ಕೆ ಭಯಂಕರ ನೋವು. ನುಸಿ ಸತ್ತ ಮೇಲೆ ಅದು ತಾನೇ ಕಳಚಿಕೊಳ್ಳುತ್ತದೆ.

ಮರಿಗಳ ಮುಖ, ಕಿವಿ, ಪಾದದಲ್ಲಿ ದುಂಡನೆಯ ಬೋಳು, ಮೇಲೆ ಪುಡಿಪುಡಿ, ತುರಿಕೆ ಅಷ್ಟಕ್ಕಷ್ಟೇ ಅಂದರೆ ಹುಳುಕಡ್ಡಿ. ಮೊಲದಲ್ಲಿ ಇದನ್ನು ತರುವ ಶಿಲೀಂಧ್ರ ಹೆಚ್ಚಾಗಿ ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್. ಅದು ವುಡ್ಸ್ ಲ್ಯಾಂಪಿನ (ಕೆಲವು ಶಿಲೀಂಧ್ರಗಳನ್ನು ಹಸಿರಾಗಿ ಹೊಳೆಸುವ ನೇರಳಾತೀತ ದೀಪ) ಕೆಳಗೆ ಹೊಳೆಯುವುದಿಲ್ಲ. ಹಸಿರು ಕಾಣಲಿಲ್ಲ ಅಂತ ‘ಹುಳುಕಡ್ಡಿ ಅಲ್ಲ’ ಎಂದು ಬರೆದುಬಿಡುವುದು ಪರೀಕ್ಷೆಯಲ್ಲೂ ತಪ್ಪು, ಕ್ಲಿನಿಕ್ಕಿನಲ್ಲೂ ತಪ್ಪು. ಅಂಚಿನ ಕೂದಲು ಕಿತ್ತು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಶಿಲೀಂಧ್ರ ಬೆಳೆಸಿ ನೋಡಲು, ಹಾಕಬೇಕು, ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು.

ಗದ್ದ, ಗಂಗೆದೊಗಲು ಒದ್ದೆಯಾಗಿ ಬೋಳಾಗಿದ್ದರೆ ಚರ್ಮ ಬಿಡಿ, ಬಾಯಿ ತೆರೆದು ಹಲ್ಲು ನೋಡಿ. ಹಲ್ಲು ಅಡ್ಡ ಬೆಳೆದು ಜೊಲ್ಲು ಸುರಿಯುತ್ತಿರುತ್ತದೆ, ಇಲ್ಲವೇ ನೀರಿನ ಬಟ್ಟಲಲ್ಲಿ ಗಂಗೆದೊಗಲು ಅದ್ದುತ್ತಿರುತ್ತದೆ. ಹಿಮ್ಮಡಿ ಬೋಳಾಗಿ ಕೆಂಪಗಿದ್ದರೆ ಗೂಡಿನ ತಂತಿ ನೆಲ ನೋಡಿ. ರೆಕ್ಸ್ ತಳಿಯ ಪಾದದಲ್ಲಿ ರಕ್ಷಣೆಯ ಗಡಸು ಕೂದಲು ಕಡಿಮೆ, ಅದಕ್ಕೆ ಈ ತೊಂದರೆ ಬೇಗ ಬರುತ್ತದೆ. ಬಾಲದ ಕೆಳಗೆ ಒದ್ದೆಯಿದ್ದರೆ ಮೂತ್ರ.

ರೋಗವೇ ಅಲ್ಲದವು ಎರಡು. ಹೆಣ್ಣು ಮೊಲ ಗರ್ಭ ಧರಿಸಿದ್ದರೂ, ಸುಳ್ಳು ಗರ್ಭದಲ್ಲಿದ್ದರೂ, ಎದೆ ಹೊಟ್ಟೆಯ ಕೂದಲು ತಾನೇ ಕಿತ್ತು ಗೂಡು ಮಾಡುತ್ತದೆ. ಕೂದಲು ಬದಲಿಸುವ ಕಾಲದಲ್ಲಿ ಮೈಮೇಲೆ ಗೆರೆ ಎಳೆದಂತೆ ಒಂದು ಪಕ್ಕ ಹಳೆಯದು, ಇನ್ನೊಂದು ಪಕ್ಕ ಚಿಗುರುವ ಹೊಸದು. ಕೆಳಗಿನ ಚರ್ಮ ಶುದ್ಧವಾಗಿರುತ್ತದೆ.

ಇಲ್ಲೇ ನನ್ನ ತಲೆ ನಿಂತಿದ್ದು: ಐವರ್ಮೆಕ್ಟಿನ್ ಲೆಕ್ಕ

ನುಸಿಗೆ ವೈದ್ಯರು ಸಾಮಾನ್ಯವಾಗಿ ಬಳಸುವುದು ದನಕ್ಕೆ ಕೊಡುವ ಅದೇ 1% ಐವರ್ಮೆಕ್ಟಿನ್ ಇಂಜೆಕ್ಷನ್, ಚರ್ಮದ ಅಡಿಗೆ. ಮೊಲಕ್ಕೆ ಪ್ರತಿ ಕಿಲೋಗೆ 0.2ರಿಂದ 0.4 ಮಿಲಿಗ್ರಾಂ. ಕೊಡುವುದು ಅವರ ಕೆಲಸ, ಲೆಕ್ಕ ನಮಗೂ ಅರ್ಥವಾಗಬೇಕು.

1% ಅಂದರೆ 100 ಮಿಲಿಲೀಟರಿಗೆ 1 ಗ್ರಾಂ, ಅಂದರೆ 1 ಮಿಲಿಲೀಟರಿಗೆ 10 ಮಿಲಿಗ್ರಾಂ. ಒಂದೂವರೆ ಕಿಲೋ ಮೊಲಕ್ಕೆ 0.4ರಂತೆ 0.6 ಮಿಲಿಗ್ರಾಂ ಬೇಕು. ಹತ್ತರಿಂದ ಭಾಗಿಸಿದರೆ 0.06 ಮಿಲಿಲೀಟರ್. ಒಂದು ಹನಿಗೆ ಹತ್ತಿರ! ದನದ ಸಿರಿಂಜಿನಲ್ಲಿ ಇದನ್ನು ಅಳೆಯಲು ಆಗುವುದೇ ಇಲ್ಲ, ಹಾಗಾಗಿ ಎಲ್ಲರ ಕೈ ಇನ್ಸುಲಿನ್ ಸಿರಿಂಜಿನ ಕಡೆ ಹೋಗುತ್ತದೆ.

ಗುಂಡಿ ಇರುವುದು ಅಲ್ಲೇ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಥರ. ಕಿತ್ತಳೆ ಮುಚ್ಚಳದ್ದು ಯು-100, ಅದರಲ್ಲಿ 1 ಮಿಲಿಲೀಟರಿಗೆ 100 ಯೂನಿಟ್. ಕೆಂಪು ಮುಚ್ಚಳದ್ದು ಯು-40, ಅದರಲ್ಲಿ 1 ಮಿಲಿಲೀಟರಿಗೆ ಬರೀ 40 ಯೂನಿಟ್. ಕಿತ್ತಳೆಯದರಲ್ಲಿ 6 ಯೂನಿಟ್ ಅಂದರೆ ನಮಗೆ ಬೇಕಾದ 0.06. ಅದೇ ‘6 ಯೂನಿಟ್’ ಕೆಂಪು ಮುಚ್ಚಳದ್ದರಲ್ಲಿ 6 ಭಾಗಿಸು 40, ಅಂದರೆ 0.15 ಮಿಲಿಲೀಟರ್. ಔಷಧಿ 1.5 ಮಿಲಿಗ್ರಾಂ, ಎರಡೂವರೆ ಪಟ್ಟು! ಹಾಗಾಗಿ ಮೊಲದ ಡೋಸನ್ನು ಯೂನಿಟ್‌ನಲ್ಲಿ ಬರೆಯಲೇಬೇಡಿ, ಫೋನಿನಲ್ಲಿ ಹೇಳಲೂ ಬೇಡಿ. ಮಿಲಿಲೀಟರಿನಲ್ಲೇ ಬರೆಯಿರಿ. ಟ್ಯೂಬರ್ಕುಲಿನ್ ಸಿರಿಂಜಿನಲ್ಲಿ ನೇರವಾಗಿ 0.01 ಮಿಲಿಲೀಟರಿನ ಗೆರೆಗಳಿವೆ, ಅದು ಸಿಕ್ಕರೆ ಯೂನಿಟ್‌ಗಳ ತಂಟೆಯೇ ಇಲ್ಲ. ಮೊಲವನ್ನು ತೂಗುವುದೂ ಕಣ್ಣಂದಾಜಿನಲ್ಲಿ ಬೇಡ. ತರಕಾರಿ ಬುಟ್ಟಿಯಲ್ಲಿ ಕೂರಿಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು, ಬುಟ್ಟಿಯ ತೂಕ ಕಳೆಯಿರಿ.

ಮುಂದಿನ ಪ್ರಶ್ನೆ: ಒಮ್ಮೆ ಕೊಟ್ಟರೆ ಸಾಲದೇ? ಸಾಲದು. ಐವರ್ಮೆಕ್ಟಿನ್ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಚೆಯ್ಲೆಟಿಯೆಲ್ಲಾ ಮೊಟ್ಟೆಗಳು ಕೂದಲಿಗೇ ಅಂಟಿಕೊಂಡಿರುತ್ತವೆ. ಮೊದಲ ಡೋಸ್ ದೊಡ್ಡವನ್ನು ಮುಗಿಸಿದ ಮೇಲೆ ಮೊಟ್ಟೆಗಳು ಒಡೆಯುತ್ತವೆ. ಹುಟ್ಟಿದವು ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ ಎರಡನೆಯದು ಬೀಳಬೇಕು, ತಡವಾಗಿ ಒಡೆದವಕ್ಕೆ ಮೂರನೆಯದು. ಅದಕ್ಕೇ 10ರಿಂದ 14 ದಿನದ ಅಂತರ. ಮೊಟ್ಟೆಯಿಂದ ಮೊಟ್ಟೆಯವರೆಗಿನ ಸುತ್ತು ಸುಮಾರು ಮೂರರಿಂದ ಐದು ವಾರ ಅಂತ ನೆನಪಿದ್ದರೆ ಈ ಅಂತರವನ್ನು ಬಾಯಿಪಾಠ ಮಾಡುವುದೇ ಬೇಡ.

ಈ ನುಸಿ ಮೊಲದ ಮೈ ಬಿಟ್ಟೂ ಕೆಲವು ದಿನ ಬದುಕುತ್ತದೆ. ಡೋಸ್ ಕೊಟ್ಟ ದಿನವೇ ಹಾಸು ಬದಲಿಸಬೇಕು. ಜೊತೆಯಲ್ಲಿರುವ ಮೊಲಗಳು ಚೆನ್ನಾಗಿ ಕಂಡರೂ ಅವಕ್ಕೂ ಚಿಕಿತ್ಸೆ ಬೇಕು. ಎರಡನೇ ಡೋಸ್ ಹೊತ್ತಿಗೆ ಕೂದಲು ಬಂದಿಲ್ಲ ಅಂತ ಔಷಧಿ ಬದಲಿಸಬೇಡಿ, ಕೂದಲಿಗೆ ಅದರದೇ ಸಮಯ ಬೇಕು. ಹೊಟ್ಟು ಕಡಿಮೆಯಾಯಿತಾ, ಕೆರೆತ ನಿಂತಿತಾ, ಅಳತೆ ಅದು.

ಇನ್ನೊಂದು. ಎಷ್ಟೋ ಮೊಲಗಳ ಮೈಯಲ್ಲಿ ಈ ನುಸಿ ಸುಮ್ಮನೆ ಇರುತ್ತದೆ. ಬೊಜ್ಜು, ಹಲ್ಲುನೋವು, ಬೆನ್ನುನೋವಿನಿಂದ ಮೈ ನೆಕ್ಕಿಕೊಳ್ಳಲು ಆಗದಿದ್ದಾಗ ಸಂಖ್ಯೆ ಏರುತ್ತದೆ. ನುಸಿ ಮತ್ತೆ ಮತ್ತೆ ಬಂದರೆ ಹಿಂದಿನ ಕಾರಣ ಹುಡುಕಿ.

ಮುಟ್ಟಬಾರದವು

ಫಿಪ್ರೊನಿಲ್. ನಾಯಿಯ ಉಣ್ಣೆಗೆ ಮನೆಮನೆಯಲ್ಲಿರುವ ಸ್ಪ್ರೇ. ಮೊಲಕ್ಕೆ ಸೆಳೆತ ಬಂದು ಸಾವಾಗಬಹುದು. ‘ಸ್ವಲ್ಪವೇ ಹಾಕಿದರೆ’ ಎಂಬ ಮಾತೇ ಇಲ್ಲ.

ಮನುಷ್ಯರ ಗಜಕರ್ಣಕ್ಕೆ ಚೀಟಿಯಿಲ್ಲದೆ ಸಿಗುವ ಕ್ರೀಮುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಬೆರೆತವು. ಹಚ್ಚಿದರೆ ಕೆಂಪು ಮಾತ್ರ ಇಳಿದು ಶಿಲೀಂಧ್ರ ಬೆಳೆಯುತ್ತದೆ. ಮೊಲ ಅದನ್ನು ನೆಕ್ಕುತ್ತದೆ ಕೂಡ, ಸ್ಟೀರಾಯ್ಡ್ ಅದರ ಮೈಗೆ ಆಗದು. ಬೇವಿನೆಣ್ಣೆ ಬಳಿದರೂ ಕೊನೆಗೆ ಹೋಗುವುದು ಹೊಟ್ಟೆಗೇ. ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗಿ ಮೊಲ ಸಾಯಬಹುದು. ನೀರಿನಲ್ಲಿ ಮುಳುಗಿಸಿ ಸ್ನಾನ ಮಾಡಿಸಿದರೆ ಗಾಬರಿಗೇ ಕುಸಿಯಬಹುದು. ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಹಾಕಿದರೆ ಮೆತ್ತನೆಯ ಹಿಕ್ಕೆಯನ್ನು ತಿನ್ನಲಾಗದು, ಅದು ಮೊಲಕ್ಕೆ ಬೇಕಾದ ಆಹಾರ.

ಮಳೆಗಾಲದಲ್ಲಿ ಹಿಂಭಾಗ ಒದ್ದೆಯಿದ್ದರೆ ನೊಣ ಮೊಟ್ಟೆಯಿಡುತ್ತದೆ, ಒಂದೇ ದಿನದಲ್ಲಿ ಹುಳ. ಹುಳ ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಆ ಕ್ಷಣವೇ ಹೊರಡಿ.

ವೈದ್ಯರ ಬಳಿ ಹೋಗುವಾಗ ಅಂದಿನ ತೂಕ, ಬೋಳು ಜಾಗದ ಫೋಟೊ, ಈಗಾಗಲೇ ಏನೇನು ಹಚ್ಚಿದ್ದೀರಿ ಎಂಬ ಪಟ್ಟಿ ಒಯ್ಯಿರಿ. ಮೊಲ ಎತ್ತಿಕೊಳ್ಳುವವರ ಮುಂಗೈಯಲ್ಲಿ, ಹೊಟ್ಟೆಯ ಮೇಲೆ ಕೆಂಪು ತುರಿಕೆ ಗುಳ್ಳೆಗಳಿದ್ದರೆ ಅದನ್ನೂ ಹೇಳಿ. ಚೆಯ್ಲೆಟಿಯೆಲ್ಲಾ, ಹುಳುಕಡ್ಡಿ ಎರಡೂ ಮನುಷ್ಯರಿಗೆ ಹತ್ತುತ್ತವೆ, ಎಷ್ಟೋ ಸಲ ರೋಗ ಗುರುತಿಸಲು ಅದೇ ಸುಳಿವಾಗುತ್ತದೆ.